ಹತ್ತು ಹೆಜ್ಜೆ ನಡೆಸಿ ನೋಡುವ ರೇವಪ್ಪ

ಮಿರಜದ ದವಾಖಾನೆಗಳ ರಸ್ತೆಯಲ್ಲಿ ಔಷಧಿ ಅಂಗಡಿಗಳ ಸಾಲು ಮುಗಿದು ರಿಕ್ಷಾ ನಿಲ್ಲುವ ಜಾಗ ಸುರುವಾಗುವಲ್ಲಿ ಒಂದು ಬೇವಿನ ಮರವಿದೆ. ಅದರ ಬುಡದಲ್ಲಿ ಗೋಣಿತಟ್ಟು ಹಾಸಿಕೊಂಡು ಕೂರುವ ರೇವಪ್ಪನಿಗೆ ಈಗ ಎಪ್ಪತ್ಮೂರು. ಅವನ ಮುಂದೆ ಹರವಿದ ಸಾಮಾನು ನೋಡಿದರೆ ಹೊಸಬರ ಎದೆ ಒಮ್ಮೆ ಧಸಕ್ಕೆನ್ನುತ್ತದೆ. ಊರುಗೋಲುಗಳು, ನಾಲ್ಕು ಕಾಲಿನ ವಾಕರುಗಳು, ಸೊಂಟದ ಪಟ್ಟಿ, ಕತ್ತಿನ ಪಟ್ಟಿ, ಒಂದು ಗಾಲಿಕುರ್ಚಿ. ಎಲ್ಲವೂ ಯಾರೋ ಬಳಸಿ ಬಿಟ್ಟದ್ದು. ಬೇರೆ ಊರುಗಳಲ್ಲಿ ಹಳೆ ಪುಸ್ತಕ, ಹಳೆ ರೇಡಿಯೋ ಮಾರುವವರು ಇರುತ್ತಾರೆ, ನಮ್ಮ ಮಿರಜದಲ್ಲಿ ಹಳೇ ಕಾಲು ಮಾರುವವನು ಇದ್ದಾನೆ ಎಂದು ಪಕ್ಕದ ಸರುಬಾಯಿ ನಗಾಡುತ್ತಾಳೆ. ಅವಳೇನು ಕಡಿಮೆಯಲ್ಲ. ಮನೆಮನೆಗೆ ಸ್ಟೀಲಿನ ಡಬ್ಬಿ ಕೊಟ್ಟು ಹಳೇ ಸೀರೆ ತಂದು, ಒಗೆದು, ಅದೇ ಬೇವಿನ ನೆರಳಿನಲ್ಲಿ ಮಾರುತ್ತ ಇಪ್ಪತ್ತು ವರ್ಷ ಕಳೆದಾಕಿ.

ರೇವಪ್ಪನ ಅಜ್ಜ ವಿಜಯಪುರದ ಕಡೆಯಿಂದ ಬೆಲ್ಲದ ವ್ಯಾಪಾರಕ್ಕೆಂದು ಬಂದು ಇಲ್ಲೇ ನೆಲೆ ನಿಂತವನು. ಅಂಗಡಿ ಅಣ್ಣತಮ್ಮಂದಿರ ಮಕ್ಕಳಲ್ಲಿ ಹರಿದು ಹಂಚಿಹೋಗಿ, ರೇವಪ್ಪನ ಪಾಲಿಗೆ ಬೇರೆಯವರ ಅಂಗಡಿಯಲ್ಲಿ ತಕ್ಕಡಿ ಹಿಡಿಯುವ ಕೆಲಸವಷ್ಟೇ ಉಳಿಯಿತು. ಅದನ್ನು ಬಿಡಿಸಿ ಈ ಮರದ ಬುಡಕ್ಕೆ ತಂದು ಕೂರಿಸಿದ್ದು ಹೆಂಡತಿ ಸಾತವ್ವನ ಕಾಲು.

ಮೂವತ್ತು ವರ್ಷದ ಹಿಂದಿನ ಮಾತು. ಮಾಳಿಗೆಯ ಮೆಟ್ಟಿಲಿನಿಂದ ಜಾರಿ ಸಾತವ್ವ ಕಾಲು ಮುರಿದುಕೊಂಡಳು, ಆರು ತಿಂಗಳು ಊರುಗೋಲಿನ ಮೇಲೆ ಓಡಾಡಿದಳು, ವಾಸಿಯಾದಳು. ಮನೆಯಲ್ಲಿ ಆ ಊರುಗೋಲು ಕಣ್ಣಿಗೆ ಬಿದ್ದಾಗೆಲ್ಲ ಅವಳಿಗೆ ಕಾಲು ನೋಯುತ್ತಿತ್ತಂತೆ. ಮಾರಿಬಿಡೋಣವೆಂದು ರೇವಪ್ಪ ಇದೇ ಬೇವಿನ ಮರಕ್ಕೆ ಆನಿಸಿ ನಿಂತ. ಅಥಣಿ ಕಡೆಯ ರೈತನೊಬ್ಬ ಕೈಗೆ ತೆಗೆದುಕೊಂಡವನು ಏನೋ ನೆನಪಾದಂತೆ ಮರಳಿ ಇಟ್ಟು, "ಇದನ್ನ ಹಿಡದಾವ್ರು ಅದಾರೋ, ಹ್ವಾದ್ರೋ?" ಎಂದು ಕೇಳಿದ. ಅದಾರ ಎಂದರೆ ನಂಬಲಿಲ್ಲ. ರೇವಪ್ಪನಿಗೆ ಸಿಟ್ಟು ನೆತ್ತಿಗೇರಿತು. ಸೀದಾ ಮನೆಗೆ ಹೋಗಿ, ರೊಟ್ಟಿ ಬಡಿಯುತ್ತಿದ್ದ ಹೆಂಡತಿಯನ್ನು ಹಿಟ್ಟಿನ ಕೈಯಲ್ಲೇ ಕರೆತಂದ. ಸಾತವ್ವ ತಲೆಯ ಮೇಲೆ ಸೆರಗೆಳೆದುಕೊಂಡು, ನಾಚಿ ನೀರಾಗಿ, ಬೇವಿನ ಮರದಿಂದ ಚಹಾದ ಗಾಡಿಯವರೆಗೆ ಹತ್ತು ಹೆಜ್ಜೆ ನಡೆದು ತೋರಿಸಿದಳು. ರೈತ ಕೈ ಮುಗಿದು ಊರುಗೋಲು ಒಯ್ದ. ನಾಲ್ಕು ತಿಂಗಳಿಗೆ ಅವನೇ ಅದನ್ನು ಹೆಗಲ ಮೇಲೆ ಹೊತ್ತು ತಂದು, ತಾನೂ ಹತ್ತು ಹೆಜ್ಜೆ ನಡೆದು, "ತಗೋರಿ, ಇನ್ನೊಬ್ಬರಿಗೆ ಕೊಡ್ರಿ" ಎಂದ.

ಅಲ್ಲಿಂದ ವ್ಯಾಪಾರ, ಅಲ್ಲಿಂದಲೇ ಪದ್ಧತಿ. ರೇವಪ್ಪನಿಗೆ ಸಾಮಾನು ಕೊಡಲು ಬಂದವರು ತಾವೇ ಬರಬೇಕು, ಕೈಯಲ್ಲಿ ಏನೂ ಇಲ್ಲದೆ ಹತ್ತು ಹೆಜ್ಜೆ ನಡೆಯಬೇಕು. ನಡೆದರೆ ಕೊಳ್ಳುತ್ತಾನೆ, ನಡೆದವರ ಹೆಸರು ಊರು ನೆನಪಿಟ್ಟುಕೊಳ್ಳುತ್ತಾನೆ, ಮುಂದೆ ಕೊಳ್ಳುವವರಿಗೆ ಹೇಳುತ್ತಾನೆ. ಇದು ಕಾಗವಾಡದ ಮಾಸ್ತರರದು, ಇದು ಉಗಾರದ ಡ್ರೈವರನದು. ಸತ್ತವರ ಸಾಮಾನನ್ನು ಅವನು ಮುಟ್ಟುವುದಿಲ್ಲ. ತಂದವರಿಗೆ, ಗುಜರಿ ಕೊಳ್ಳುವ ಮೋಡಕಾದವನಿಗೆ ಹಾಕ್ರಿ, ಕುಪವಾಡದ ಭಟ್ಟಿಯಲ್ಲಿ ಕರಗಿಹೋಗಲಿ ಅನ್ನುತ್ತಾನೆ. ಎದುರಿಗೆ ಹೊಳೆಯುವ ಹೊಸ ವಾಕರುಗಳ ಅಂಗಡಿ ಬಂದು ಏಳು ವರ್ಷವಾದರೂ ಹಳ್ಳಿಯ ಮಂದಿ ಅವನನ್ನೇ ಹುಡುಕಿಕೊಂಡು ಬರುತ್ತಾರೆ. ದವಾಖಾನೆಯ ಊರಿನಲ್ಲಿ ಶಕುನ ನೋಡದವರು ಡಾಕ್ಟರರು ಮಾತ್ರ, ಅವರಲ್ಲೂ ಕೆಲವರ ಕಾರಿಗೆ ನಿಂಬೆಹಣ್ಣು ಕಟ್ಟಿರುತ್ತದೆ. ಸಾತವ್ವ ತೀರಿ ಒಂಬತ್ತು ವರ್ಷವಾಯಿತು. ಈಗ ಮಗಳ ಮನೆಯಲ್ಲಿ ಉಂಡು, ಮೊಮ್ಮಗಳ ಮರಾಠಿ ಮಾತಿಗೆ ಕನ್ನಡದಲ್ಲಿ ಉತ್ತರ ಕೊಟ್ಟು, ಬೆಳಿಗ್ಗೆ ಎಂಟಕ್ಕೆ ಮರದ ಬುಡಕ್ಕೆ ಬಂದು ಕೂರುವ ರೇವಪ್ಪನಿಗೆ ಆಸ್ತಿಯೆಂದು ಇರುವುದು ನಡೆದವರದೇ ಸಾಮಾನು ಎಂಬ ಆ ಮಾತೊಂದೇ.

ಅಂಥವನು ಈ ವರ್ಷ ಆಷಾಢದಲ್ಲಿ ತಪ್ಪಿದ.

ಅವತ್ತು ಜಿಟಿಜಿಟಿ ಮಳೆ. ಮರದ ಬುಡಕ್ಕೆ ಒಂದು ರಿಕ್ಷಾ ಬಂದು ನಿಂತಿತ್ತು. ಒಳಗೆ ಸಮಡೋಳಿಯ ಇಂದ್ರವ್ವ, ಎಪ್ಪತ್ತಾರರ ಗಿಡ್ಡ ಮುದುಕಿ, ಸೊಂಟದ ಆಪರೇಶನ್ ಮುಗಿಸಿಕೊಂಡು ಊರಿಗೆ ಹೊರಟಾಕಿ. ಮಗ ಓಂಪ್ರಕಾಶ ಹೊರಗೆ ನಿಂತು ನೆನೆಯುತ್ತಿದ್ದ.

"ಮೂರು ದಿನದಿಂದ ಎದ್ದು ನಿಂದರಬೇಕಂತ ಡಾಕ್ಟರ್ ಹೇಳಾಕತ್ತಾರ ಕಾಕಾ. ಅವ್ವ ಕೇಳವಲ್ಲಳು."

"ಕಾಲ ಊರಿದ್ರ ಮತ್ತ ಮುರೀತೈತಿ," ಎಂದಳು ಇಂದ್ರವ್ವ ಒಳಗಿನಿಂದ. "ನಾ ಇಳ್ಯಾಂಗಿಲ್ಲ. ಹಿಂಗ ಮನಿಗೆ ಒಯ್ದು ಮಂಚದ ಮ್ಯಾಲ ಒಗೀರಿ."

ರೇವಪ್ಪನ ಬಳಿ ಇದ್ದ ವಾಕರುಗಳೆಲ್ಲ ಉದ್ದನೆಯ ಗಂಡಸರವು, ಮುದುಕಿಯ ಎದೆಮಟ್ಟ ಬರುತ್ತಿದ್ದವು. ಏನು ಮಾಡಲಿ ಎಂದು ತಲೆ ಕೆರೆದುಕೊಳ್ಳುವ ಹೊತ್ತಿಗೆ, ಕೊಡೆ ಹಿಡಿದ ಹೆಂಗಸೊಬ್ಬಳು ಒಂದು ಗಿಡ್ಡ ವಾಕರು ತಂದು ಅವನ ಮುಂದಿಟ್ಟಳು. ಹರಿಪುರದ ಕಾಂಚನ ಅಂತ, ಅತ್ತೆ ಕೃಷ್ಣವ್ವನದು ಅಂತ, ಈಗ ಅವರಿಗೆ ಬೇಕಾಗಿಲ್ಲ ಅಂತ ಹೇಳಿದಳು.

"ಅತ್ತಿಯವ್ರು ಎಲ್ಲಿ? ಅವರನ್ನ ಕರಕೊಂಡು ಬರಬೇಕವಾ. ನಮ್ಮಲ್ಲಿ ಪದ್ಧತಿ ಐತಿ."

"ನಡದಾಡ್ತಾರರಿ ಕಾಕಾ," ಎಂದಳು ಕಾಂಚನ, ವಾಕರಿನ ಕಡೆಗೇ ನೋಡುತ್ತ. "ತಂಗೀ ಮನಿಗೆ ಜತ್ತಕ್ಕ ಹೋಗ್ಯಾರ."

ಬೇರೆ ದಿನವಾಗಿದ್ದರೆ ರೇವಪ್ಪ, ಜತ್ತದಿಂದ ಬಂದ ಮೇಲೆ ಬರ್ರಿ ಅನ್ನುತ್ತಿದ್ದ. ಆದರೆ ರಿಕ್ಷಾದೊಳಗೆ ಮುದುಕಿ ಗೋಡೆ ಕಡೆ ಮುಖ ಮಾಡಿದ ಮಗುವಿನಂತೆ ಕೂತಿದ್ದಳು, ಎದುರಿಗಿದ್ದ ವಾಕರು ಅವಳಿಗೆಂದೇ ಮಾಡಿಸಿದ ಹಾಗೆ ಗಿಡ್ಡಾಗಿತ್ತು. ಅವನು ಕೊಂಡ. ಒರೆಸಿ ರಿಕ್ಷಾದ ಬಾಗಿಲಿಗೆ ಒಯ್ದು ನಿಲ್ಲಿಸಿದ.

"ಇದನ್ನ ಹಿಡದಾಕಿ ಅದಾಳೋ, ಹ್ವಾದಳೋ?" ಎಂದು ಇಂದ್ರವ್ವ ಕೇಳಿದಳು. ಎಲ್ಲರೂ ಕೇಳುವ ಪ್ರಶ್ನೆಯೇ.

"ಅದಾರ್ರಿ. ಚಲೋತ್ನಾಗಿ ನಡದಾಡ್ತಾರ. ಹರಿಪುರದ ಕೃಷ್ಣವ್ವ ಅಂತ."

ಮುದುಕಿ ಅವನ ಮುಖವನ್ನು ಚೆನ್ನಾಗಿ ನೋಡಿದಳು. ಆಮೇಲೆ ಒಂದು ಕಾಲು ಕೆಳಗಿಟ್ಟಳು, ಇನ್ನೊಂದು ಕಾಲನ್ನೂ ಇಟ್ಟಳು. ನಿಂತಳು. ಸರುಬಾಯಿ ಸೀರೆಗಳ ಮೇಲಿನ ಪ್ಲಾಸ್ಟಿಕ್ ಹಾಳೆ ಸರಿಪಡಿಸುವುದನ್ನು ಬಿಟ್ಟು, "ಶಾಭಾಸ್ ನಮ್ಮವ್ವಾ!" ಎಂದು ಕೂಗಿದಳು. ಕಾಂಚನ ಆಗಲೇ ಹೋಗಿಬಿಟ್ಟಿದ್ದಳು.

ಭಾದ್ರಪದದಲ್ಲಿ ಹರಿಪುರದವನೊಬ್ಬ ಸೊಂಟದ ಪಟ್ಟಿಗೆಂದು ಬಂದ. ರೇವಪ್ಪ ಮಾತಿಗೆ ಮಾತು ತೆಗೆದು, "ನಿಮ್ಮೂರ ಕೃಷ್ಣವ್ವ ಹೆಂಗ ಅದಾರು?" ಎಂದ.

"ಯಾವ ಕೃಷ್ಣವ್ವ? ಗುಡಿ ಹಿಂದಿನ ಓಣಿಯಾಕಿ, ಕಾಂಚನಾನ ಅತ್ತಿ? ಆಕಿ ತೀರಿಕೊಂಡು ಮೂರು ತಿಂಗಳ ಮ್ಯಾಲ ಆತಲ್ಲರಿ. ಕಾರಹುಣ್ಣಿವಿ ಮುಂದ."

ಕಾರಹುಣ್ಣಿಮೆ ಬಂದು ಹೋದ ಮೇಲೆ ಆಷಾಢ. ಅಂದರೆ ಆ ವಾಕರು ಬೇವಿನ ಮರಕ್ಕೆ ಬಂದಾಗ ಕೃಷ್ಣವ್ವ ಮಣ್ಣಾಗಿ ತಿಂಗಳಾಗಿತ್ತು. ರೇವಪ್ಪ ಆ ಮನುಷ್ಯನಿಗೆ ಸೊಂಟದ ಪಟ್ಟಿಯ ಬದಲು ಕತ್ತಿನ ಪಟ್ಟಿ ಕೊಟ್ಟ. ಅವನು ನಕ್ಕು ಬದಲಾಯಿಸಿಕೊಂಡು ಹೋದ.

"ಬಿಡ ಅಣ್ಣಾ," ಎಂದಳು ಸರುಬಾಯಿ, ಸಂಜೆಯವರೆಗೂ ಒಂದೇ ಊರುಗೋಲು ಒರೆಸುತ್ತಿದ್ದವನನ್ನು ನೋಡಿ ನೋಡಿ ಸಾಕಾಗಿ. "ಆ ಮುದುಕಿ ಎದ್ದು ನಿಂತಾಳ. ನಡ್ಯಾಕತ್ತಿರಬೇಕು. ಈಗ ಹೋಗಿ ಹೇಳಿ ದಾರ್ಯಾಗ ಹೋಗೂ ಮಾರೀನ ಮನಿಗೆ ಕರೀತಿ ಏನ? ನಾ ಮಾರೂ ಸೀರ್ಯಾಗ ಎಷ್ಟು ಸತ್ತವರವು ಅದಾವೋ, ಯಾರು ಕೇಳ್ಯಾರ?"

"ನೀ ನಡಿಸಿ ತೋರಸ್ತೇನಿ ಅಂತ ಹೇಳಿಲ್ಲ ಸರುಬಾಯಿ. ನಾ ಹೇಳೇನಿ."

"ಅದಕ್ಕ ನಿನಗ ಈ ವಯಸ್ಸಿನ್ಯಾಗ ನಿದ್ದಿ ಇಲ್ಲ, ನಾ ಗೊರಕಿ ಹೊಡೀತೇನಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ರೇವಪ್ಪನಿಗೆ ಹೆದರಿಕೆ ಇದ್ದದ್ದು ಎರಡು ಕಡೆಯಿಂದ. ಹೇಳಿದರೆ ಮುದುಕಿ ಮತ್ತೆ ಮಂಚ ಹಿಡಿದಾಳು. ಹೇಳದಿದ್ದರೆ ನಾಳೆ ಇನ್ನೊಬ್ಬರು ಅದಾರೋ ಹ್ವಾದ್ರೋ ಎಂದು ಕೇಳಿದಾಗ ತನ್ನ ನಾಲಿಗೆ ಹೇಗೆ ಏಳಬೇಕು? ನಾಲ್ಕು ದಿನ ಮರದ ಬುಡಕ್ಕೆ ಬಂದು ಕೂತರೂ ವ್ಯಾಪಾರ ಮಾಡಲಿಲ್ಲ. ಐದನೆಯ ದಿನ ನಡುದಾರಿಯೊಂದನ್ನು ಹುಡುಕಿದ. ಶಿರಗುಪ್ಪಿಯ ಗಿಡ್ಡ ಹೆಂಗಸೊಬ್ಬಳು ಹಿಂದಿನ ತಿಂಗಳಷ್ಟೇ ತನ್ನ ವಾಕರು ತಂದು ಕೊಟ್ಟು ಹೋಗಿದ್ದಳು. ಅವಳು ಹತ್ತಲ್ಲ, ಉಮೇದಿನಲ್ಲಿ ಇಪ್ಪತ್ತು ಹೆಜ್ಜೆ ನಡೆದಿದ್ದಳು. ಅದನ್ನು ಕೊಟ್ಟು ಇದನ್ನು ತಂದುಬಿಡುವುದು, ಹಳೆಯದರ ಸ್ಕ್ರೂ ಸಡಿಲ ಅಂತ ಹೇಳುವುದು. ಒಂದು ಸುಳ್ಳಿಗೆ ಇನ್ನೊಂದು ಸುಳ್ಳಿನ ತೇಪೆ ಎಂದು ಗೊತ್ತಿದ್ದೂ ವಾಕರನ್ನು ಹೆಗಲಿಗೇರಿಸಿ ಸಾಂಗ್ಲಿಯಲ್ಲಿ ಬಸ್ಸು ಬದಲಿಸಿ ಸಮಡೋಳಿಯಲ್ಲಿ ಇಳಿದ.

ಇಂದ್ರವ್ವ ಅಂಗಳದಲ್ಲೇ ಇದ್ದಳು. ವಾಕರನ್ನು ಮುಂದೆ ಮುಂದೆ ಇಡುತ್ತ ಕೋಳಿ ಅಟ್ಟುತ್ತಿದ್ದಳು. ಅವನನ್ನು ನೋಡಿ ಮುಖ ಅಗಲವಾಯಿತು.

"ಬಾ ಯಪ್ಪಾ, ಕುಂದರ. ನೋಡ, ಬಾವೀತನಾ ಹೋಗಿ ಬರ್ತೇನಿ ಈಗ."

ರೇವಪ್ಪ ಸ್ಕ್ರೂವಿನ ಕಥೆ ಹೇಳಿದ. ಬೇರೆಯದು ತಂದಿರುವುದಾಗಿ ಹೇಳಿದ.

"ಒಲ್ಲೆ," ಎಂದಳು ಇಂದ್ರವ್ವ ಎರಡು ಮಾತಿಲ್ಲದೆ. "ಸ್ಕ್ರೂ ಓಂ ಬಿಗೀತಾನ. ಇದರಾಗ ಆಕಿ ಗುಣಾ ಐತಿ. ದಿನಾ ಮುಂಜಾನಿ ಏಳೂಮುಂದ ಆಕಿ ಹೆಸರ ತಗೋತೇನಿ. ಕೃಷ್ಣವ್ವಾ, ನೀ ನಡದಿದ್ದಿ, ನನ್ನೂ ಒಂದೀಟ ಎಳಿಯವಾ ಅಂತೇನಿ. ಎಳೀತಾಳ ನೋಡ! ನವರಾತ್ರ್ಯಾಗ ಹರಿಪುರಕ್ಕ ಹೋಗಿ ಆಕಿಗೆ ಸೀರಿ ಉಡಿಸಿ ಬರಾಕಿ ಅದೇನಿ. ಸೀರಿ ತಂದಿಟ್ಟೇನಿ. ನೀನೂ ಬಾ, ಮನಿ ತೋರಸಾಕ."

ಓಂಪ್ರಕಾಶ ಒಳಗಿನಿಂದ ಸೀರೆ ತಂದು ತೋರಿಸಿದ. ಇಳಕಲ್ ಸೀರೆ, ಕೆಂಪು ಸೆರಗು. ರೇವಪ್ಪ ಚಹಾದ ಬಸಿ ಕೆಳಗಿಟ್ಟ. ಇನ್ನು ಯಾವ ತೇಪೆಯೂ ನಿಲ್ಲುವಂತಿರಲಿಲ್ಲ. ನೆಲ ನೋಡುತ್ತ ಎಲ್ಲ ಹೇಳಿಬಿಟ್ಟ.

ಇಂದ್ರವ್ವ ವಾಕರಿನಿಂದ ಕೈ ತೆಗೆದಳು. ಮಗ ಓಡಿಬಂದು ಹಿಡಿದು ಕಟ್ಟೆಯ ಮೇಲೆ ಕೂರಿಸಬೇಕಾಯಿತು.

"ನಡದಾಡ್ತಾರ ಅಂದಿದ್ದಿ."

"ಅಂದಿದ್ದೆರಿ. ನೋಡಿರಲಿಲ್ಲ."

"ಅಂದ್ರ ಇಷ್ಟ ದಿನಾ ನಾ ಹೆಣದ ಕೈ ಹಿಡಕೊಂಡು ನಡದೆ."

ಇಂದ್ರವ್ವ ವಾಕರನ್ನು ದೂರ ಸರಿಸಿ, "ಸಾಯೂಕಿಂತ ಮೊದಲ ಆಕಿ ಒಂದ ದಿನಾರ ಇದನ್ನ ಹಿಡದು ನಡದಾಳೋ ಇಲ್ಲೋ? ಅಷ್ಟ ಕೇಳಿಕೊಂಡ ಬಾ. ಅಲ್ಲೀತನಾ ನಾ ಇದನ್ನ ಮುಟ್ಟಾಂಗಿಲ್ಲ. ನೀ ತಂದದ್ದೂ ಮುಟ್ಟಾಂಗಿಲ್ಲ," ಎಂದಳು. ಮಗನ ಹೆಗಲ ಮೇಲೆ ಭಾರ ಹಾಕಿ ಒಳಗೆ ಹೋಗಿ ಮಲಗಿಬಿಟ್ಟಳು. ಬಸ್ಸಿನವರೆಗೆ ಕಳಿಸಲು ಬಂದ ಓಂಪ್ರಕಾಶ ಬಸ್ಸು ಬಂದಾಗ, "ನೀವು ಬರಬಾರದಿತ್ತರಿ ಕಾಕಾ," ಎಂದ. ರೇವಪ್ಪನಿಗೂ ಹಾಗೇ ಅನಿಸಿತ್ತು.

ಮರುದಿನ ಹುಣಸೆ ಮರಗಳ ರಸ್ತೆ ಹಿಡಿದು ಹರಿಪುರಕ್ಕೆ ಹೋದ. ಕಾಂಚನ ಬಾಗಿಲಲ್ಲಿ ಕೂತು ಮೊರದಲ್ಲಿ ಬೇಳೆ ಹಸನು ಮಾಡುತ್ತಿದ್ದಳು. ಅವನನ್ನು ಕಂಡವಳೇ ಮೊರ ಕೆಳಗಿಟ್ಟಳು.

"ಒಂದ ಮಾತ ಹೇಳವಾ," ಎಂದ ರೇವಪ್ಪ. "ಅತ್ತಿಯವರು ಅದನ್ನ ಹಿಡದು ಒಂದ ದಿನಾರ ನಡದಿದ್ರೇನು?"

ಹೂಂ ಎಂದುಬಿಡು ತಾಯಿ ಎಂದು ಅವನ ಜೀವ ಒಳಗೇ ಬೇಡುತ್ತಿತ್ತು.

"ಒಂದ ಹೆಜ್ಜಿನೂ ಇಲ್ಲರಿ," ಎಂದಳು ಕಾಂಚನ. "ನಮ್ಮವ್ರು ಹೊಸಾದ ತಂದಿದ್ರು. ಮಂಚದ ಮಗ್ಗಲಕ್ಕ ನಿಂದ್ರಿಸಿದ್ವಿ. ಅತ್ತಿ ದಿನಾ ಅದರ ಕಡೆ ನೋಡಿ, ನಾಳಿ ಏಳತೇನಿ ಕಾಂಚೂ ಅಂತಿದ್ರು. ಇಪ್ಪತ್ತೆರಡು ದಿನ ಅಂದ್ರು. ಆಮ್ಯಾಗ ಹ್ವಾದ್ರು."

ರೇವಪ್ಪ ಹೊಸ್ತಿಲ ಪಕ್ಕದಲ್ಲಿ ಕೂತ. ವಾಕರು ಕೈಗೆ ಬಂದರೆ ಮೊದಲು ಬೋರಲು ಹಾಕಿ ಕಾಲಿನ ರಬ್ಬರು ಎಷ್ಟು ಸವೆದಿದೆ ಎಂದು ನೋಡುವವನು ಅವನು. ಅವತ್ತು ಅದನ್ನೂ ನೋಡಿರಲಿಲ್ಲ. ಕಣ್ಣಿಗೆ ಮಂಕು ಕವಿದಿತ್ತು.

"ಸುಳ್ಳು ಯಾಕ ಹೇಳಿದಿ?"

"ಖರೇ ಹೇಳಿದ್ರ ನೀವು ತಗೋತಿದ್ದಿಲ್ಲಲ್ಲರಿ. ಮೋಡಕಾದವಗ ಹಾಕು ಅಂತಿದ್ರಿ. ಅಲ್ಲಿಂದ ಎಲ್ಲಿಗೆ ಹೋಗತೈತಿ ಅಂತ ನನಗ ಗೊತ್ತೈತಿ ಕಾಕಾ, ನಮ್ಮವ್ರು ಕುಪವಾಡದಾಗ ಭಟ್ಟಿ ಮುಂದನ ನಿಂದರತಾರ. ಅತ್ತಿ ಅಷ್ಟು ಆಸೆ ಮಾಡಿ ನೋಡಿದ್ದನ್ನ ಬೆಂಕಿಗೆ ಹ್ಯಾಂಗ ಹಾಕ್ಲಿ? ಯಾರರ ಹಿಡದು ಅದು ಒಮ್ಮೆರ ನಡೀಲಿ ಅನಿಸ್ತು. ನಂದ ತಪ್ಪರಿ."

ರೇವಪ್ಪನಿಗೆ ನಾಚಿಕೆಯಾಯಿತು. ಮೂವತ್ತು ವರ್ಷದಲ್ಲಿ ಎಷ್ಟು ಸೊಸೆಯಂದಿರು, ಎಷ್ಟು ಮಕ್ಕಳು ಸತ್ತವರ ಕೋಲನ್ನು ಎದೆಗೊತ್ತಿ ಹಿಡಿದುಕೊಂಡು ಮರದ ಬುಡಕ್ಕೆ ಬಂದಿದ್ದರೋ. ಅವರೆಲ್ಲರಿಗೂ ಅವನು ಮುಖ ಎತ್ತಿ ನೋಡದೆ ಭಟ್ಟಿಯ ದಾರಿ ತೋರಿಸಿದ್ದ. ತಾನು ಮಾತಿಗೆ ನಿಂತವನು ಎಂದು ಹೆಮ್ಮೆಪಟ್ಟುಕೊಂಡು ಬಂದ ಮನುಷ್ಯನಿಗೆ, ಆ ಮಾತು ಎಷ್ಟು ಮನೆಗಳ ಎದೆಗೆ ಚುಚ್ಚಿರಬಹುದು ಎಂದು ಈ ಹೊತ್ತಿಗೆ ಹೊಳೆಯಿತು. ಸಮಡೋಳಿಯಲ್ಲಿ ಮುದುಕಿ ಎದ್ದಿಲ್ಲ, ತಾನು ಸುದ್ದಿ ಒಯ್ಯಬೇಕಾಗಿದೆ, ಈ ಸುದ್ದಿ ಒಯ್ದರೆ ಮತ್ತೆ ಏಳುತ್ತಾಳೋ ಇಲ್ಲವೋ ಎಂದು ತಡವರಿಸುತ್ತ ಹೇಳಿದ.

ಕಾಂಚನ ಎದ್ದು ಬೇಳೆಯ ಮೊರವನ್ನು ಒಳಗಿಟ್ಟು ಬಂದಳು. "ಸುಳ್ಳು ಹೇಳಿದಾಕಿ ನಾನು. ಅದನ್ನ ಹೇಳಾಕ ನಿಮ್ಮ ಬಾಯಿ ಯಾಕ? ನಾ ಬರ್ತೇನಿ ನಡೀರಿ."

ಇಂದ್ರವ್ವ ಒಳಮನೆಯ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ನಿನ್ನೆಯಿಂದ ಅಲ್ಲೇ ಊಟ, ಅಲ್ಲೇ ನೀರು ಎಂದು ಓಂಪ್ರಕಾಶ ಬಿಗುಮೋರೆಯಲ್ಲಿ ಹೇಳಿದ. ಹಳೆಯ ವಾಕರು ಬಾಗಿಲ ಮೂಲೆಯಲ್ಲಿತ್ತು, ರೇವಪ್ಪ ಬಿಟ್ಟುಹೋದದ್ದು ಅದರ ಪಕ್ಕದಲ್ಲಿ. ಕಾಂಚನ ನೆಲದ ಮೇಲೆ ಕೂತು, ತಾನು ಯಾರೆಂದು ಹೇಳಿ, ರೇವಪ್ಪನಿಗೆ ಹೇಳಿದ್ದನ್ನೇ ಒಂದೂ ಬಿಡದೆ ಹೇಳಿದಳು. ಇಪ್ಪತ್ತೆರಡು ದಿನದ ನಾಳೆಗಳನ್ನೂ ಹೇಳಿದಳು.

ಇಂದ್ರವ್ವ ಈ ಕಡೆ ಹೊರಳಿದಳು.

"ಒಂದ ಹೆಜ್ಜಿನೂ ಇಲ್ಲ?"

"ಇಲ್ಲರಿ ಅವ್ವಾ."

"ಅದರ ಕಾಲು ನೆಲಾನ ಮುಟ್ಟಿರಲಿಲ್ಲ?"

"ಮಂಚದ ಮಗ್ಗಲಕ್ಕ ನಿಂತದ್ದಷ್ಟರಿ."

"ಮತ್ತ ನನ್ನ ಎಳದಾಕಿ ಯಾರು?"

ಮುದುಕಿ ಮೇಲಿನ ಜಂತಿ ನೋಡುತ್ತ ಲೆಕ್ಕ ಹಾಕುವವಳಂತೆ ತುಟಿ ಆಡಿಸಿದಳು. ಒಮ್ಮೆಲೇ ಇಂದ್ರವ್ವ ಮೊಣಕೈ ಊರಿ ಎದ್ದು ಕೂತಳು. ಮುಖದಲ್ಲಿ ಸಿಟ್ಟೋ ನಗೆಯೋ ಹೇಳಲು ಬಾರದು.

"ಇಷ್ಟ ದಿನಾ ನಡದಾಕಿ ನಾ, ಹೆಸರ ಆಕೀದು. ಪಾಪ, ಆಕಿಗೆ ಮ್ಯಾಲ ಕುಂತು ನಗಿ ಬಂದಿರಬೇಕು. ಓಂ, ತಾರೋ ಅದನ್ನ."

"ಯಾವದವ್ವಾ?"

"ನಂದೋ!"

ಮಗ ಮೂಲೆಯಿಂದ ಗಿಡ್ಡ ವಾಕರು ತಂದು ಮುಂದೆ ಇಟ್ಟ. ಒಂದು ದಿನ ಮಲಗಿದ್ದಕ್ಕೆ ಕಾಲು ಬಿಗಿದಿದ್ದವು. ಎರಡು ಸಲ ಏಳಲು ಹೋಗಿ ಕೂತಳು, ಮೂರನೆಯ ಸಲ ನಿಂತಳು. ಮಗ ಹಿಡಿಯಲು ಬಂದರೆ ಗದರಿದಳು. ಯಾರ ಹೆಸರನ್ನೂ ಹೇಳಲಿಲ್ಲ. ವಾಕರನ್ನು ಎತ್ತಿ ಒಂದು ಗೇಣು ಮುಂದಿಟ್ಟಳು, ಹಿಂದಿನಿಂದ ತಾನು ಹೋದಳು. ಮತ್ತೆ ಎತ್ತಿಟ್ಟಳು.

ನೆಲದ ಮೇಲೆ ಕೂತ ಕಾಂಚನಳ ಕಣ್ಣಿನ ಮಟ್ಟದಲ್ಲೇ ಆ ನಾಲ್ಕು ಕಾಲುಗಳಿದ್ದವು. ಅತ್ತೆ ಇಪ್ಪತ್ತೆರಡು ದಿನ ನೋಡಿದ ಕಾಲುಗಳು ಎದ್ದು, ಊರಿ, ಎದ್ದು, ಊರಿ ಅವಳ ಕಡೆಗೇ ಬರುತ್ತಿದ್ದವು. ರಬ್ಬರು ಒಂದು ಬದಿಗೆ ಆಗಲೇ ಸವೆದಿತ್ತು. ಅವಳು ಸೆರಗು ಬಾಯಿಗೊತ್ತಿಕೊಂಡು ಅಳತೊಡಗಿದಳು, ಮನೆಯಲ್ಲಿ ಹೆಣ ಇದ್ದಾಗಲೂ ಅಳದಷ್ಟು.

ಇಂದ್ರವ್ವ ಅವಳ ಮುಂದೆ ಬಂದು ನಿಂತಳು.

"ಅಳೂದು ಆಮ್ಯಾಗ ಅಳುವಂತಿ ಮಗಳ," ಎಂದಳು. "ಮೊದಲ ದಾರಿ ಬಿಡ. ನಾ ಬಾಗಲಾತನಾ ಹೋಗಬೇಕು."

ಕಾಂಚನ ಮೂಗು ಒರೆಸಿಕೊಳ್ಳುತ್ತ ಸರಿದಳು. ರೇವಪ್ಪನೂ ದಾರಿ ಬಿಟ್ಟು ಗೋಡೆಗೆ ಒತ್ತಿ ನಿಂತ.